ಬಿದ್ದವರ ಜ್ವರ

ಜ್ವರ ಎಂದು ಬರೆದರೆ ಮುಗಿಯುತ್ತಿತ್ತು. ಎರಡೇ ಅಕ್ಷರ. ಹತ್ತೊಂಬತ್ತು ವರ್ಷ ಈ ಊರಿನ ಕುಲಕರ್ಣಿಕೆ ಮಾಡಿದ ಪ್ರಾಣೇಶ ಆ ಎರಡಕ್ಷರವನ್ನು ಎಷ್ಟು ಸಲ ಬರೆದಿದ್ದನೆಂದರೆ, ಮರಣದ ಕಾರಣ ಎಂಬ ಕಾಲಮ್ಮಿಗೆ ಬಂದ ಕೂಡಲೇ ಟಾಕು ತಾನಾಗಿಯೇ ಅತ್ತ ಬಾಗುತ್ತಿತ್ತು. ಇವತ್ತು ಬಾಗಿತು, ನಿಂತಿತು, ತುದಿಯಲ್ಲಿ ಮಸಿ ಗುಂಡಗೆ ಕೂಡಿಕೊಂಡಿತು. ಕಾಗದದ ಮೇಲೆ ಬೀಳುವುದರೊಳಗೆ ಅವನು ಅದನ್ನು ದೌತಿಯ ಬಾಯಿಗೆ ಒರೆಸಿದ. ಚಾವಡಿಯ ಕಟ್ಟೆಯ ಮೇಲೆ ಡಿಸೆಂಬರ ತಿಂಗಳ ಎಳೆಬಿಸಿಲು ಅವನ ಮೊಣಕಾಲಿನ ತನಕ ಬಂದಿತ್ತು. ಜನನ ಮರಣದ ರಜಿಸ್ಟರು ಎದುರಿನ ಮಣೆಯ ಮೇಲೆ ತೆರೆದಿತ್ತು. ನಂಬರು ಬರೆದಿದ್ದ, ೧೯೩೮ನೇ ಇಸವಿಯ ತಾರೀಖು ಬರೆದಿದ್ದ, ಹೆಸರು ಬರೆದಿದ್ದ: ಗೋಪಿಕಾಬಾಯಿ ಕೋಂ ಗುಂಡಾಚಾರ್ಯ. ಅವಳು ಒಂದು ದಿನವೂ ಬಾಯಿಂದ ಹೇಳದ ಆ ಗಂಡನ ಹೆಸರನ್ನು ಸವಣೂರಿನಿಂದ ಬಂದಿದ್ದ ಅವಳ ಮೈದುನನ ಮಗ ಪ್ರಹ್ಲಾದನಿಂದ ಕೇಳಿ ತಿಳಿಯಬೇಕಾಗಿತ್ತು. ವಯಸ್ಸು ಎಪ್ಪತ್ತೆರಡು ಎಂದು ಅಂದಾಜಿನಿಂದ ಬರೆದಿದ್ದ. ಅವಳು ತನಗೆ ಏನಾಗಬೇಕು ಎಂದು ಕೇಳುವ ಕಾಲಮ್ಮು ಆ ರಜಿಸ್ಟರಿನಲ್ಲಿ ಇರಲಿಲ್ಲ. ಇದ್ದಿದ್ದರೆ ತಂದೆಯ ಅಕ್ಕ, ಅತ್ಯಾ, ಎಂದು ಬರೆದು ಕೈ ತೊಳೆದುಕೊಳ್ಳಬಹುದಾಗಿತ್ತು. ಎರಡು ವರ್ಷದವನಿದ್ದಾಗ ತಾಯಿ ಸತ್ತವನನ್ನು ಎತ್ತಿ ಆಡಿಸಿ ಬೆಳೆಸಿದವಳಿಗೆ ಶಾಸ್ತ್ರ ಇಟ್ಟ ಸೂತಕ ಮೂರು ದಿನ. ಕೊಟ್ಟ ಹೆಣ್ಣು, ಬೇರೆ ಗೋತ್ರ. ಕೊಳ್ಳಿ ಇಟ್ಟದ್ದೂ ಪ್ರಹ್ಲಾದನೇ. ಉಳಿದ ಕ್ರಿಯೆಯನ್ನು ಸವಣೂರಿನಲ್ಲಿ ಮಾಡುತ್ತೇನೆಂದು ಅಸ್ಥಿ ತೆಗೆದುಕೊಂಡು ಹೋಗಿಬಿಟ್ಟ. ಮೂರು ದಿನ ಮುಗಿದವು. ನಾಲ್ಕನೆಯ ದಿನ ಪ್ರಾಣೇಶ ಕೋಟು ತೊಟ್ಟು, ರುಮಾಲು ಸುತ್ತಿ ಚಾವಡಿಗೆ ಬಂದ. ಬೇರೆ ಕೆಲಸವಿರಲಿಲ್ಲ. ಈ ತಿಂಗಳ ತಖ್ತೆಯಲ್ಲಿ ಊರಿನ ಸಾವು ಇದೊಂದೇ. ಅದನ್ನು ತುಂಬಿ ಕೊಟ್ಟರೆ ವಾಲೀಕಾರ ಖಲಂದರ ಇವತ್ತೇ ಹಾನಗಲ್ಲ ಕಚೇರಿಗೆ ಒಯ್ಯುತ್ತಿದ್ದ.

"ಏನ್ರಿ ಕುಲಕರ್ಣ್ಯಾರ, ಟಾಕಿಗೆ ಚಳಿ ಹತ್ತೇತೇನು?" ಎಂದರು ಪೊಲೀಸ ಪಾಟೀಲ ಪರಮೇಶಪ್ಪನವರು. ಅವರು ಕಂಬಕ್ಕೆ ಬೆನ್ನು ಕೊಟ್ಟು ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. ಅವರಿಗೆ ಬರುವ ಅಕ್ಷರ ತಮ್ಮ ಸಹಿಯಷ್ಟೇ. ರಜಿಸ್ಟರನ್ನು ಬರೆಯುವವನು ಪ್ರಾಣೇಶ, ಕೆಳಗೆ ಸಹಿ ಮಾಡುವವರು ಅವರು. ಇಬ್ಬರೂ ಕೂಡಿಯೇ ಈ ಊರಿನ ಸತ್ತವರನ್ನೆಲ್ಲ ಸರ್ಕಾರಕ್ಕೆ ಒಪ್ಪಿಸುತ್ತ ಬಂದಿದ್ದರು.

"ಕಾರಣ ಏನ್ ಬರೀಬೇಕು ಅಂತ ನೋಡ್ಲಿಕ್ಕತ್ತಿದ್ದೆ, ಗೌಡ್ರ."

"ಅದರಾಗ ನೋಡೋದೇನೈತ್ರಿ? ಜ್ವರ. ಹನ್ನೊಂದು ದಿನ ಮೈ ಕೆಂಡದಂಗಿತ್ತು ಅಂತ ನೀವ ಹೇಳೀರಿ."

"ಜ್ವರ ಬಂದಿತ್ತು, ಖರೆ. ಆದ್ರ ಜ್ವರ ಯಾಕ ಬಂತು?"

"ಅದನ್ನ ಸರ್ಕಾರ ಕೇಳಿಲ್ಲ. ಕೇಳೋದಿದ್ರ ಇನ್ನೊಂದು ಕಾಲಮ್ಮು ಹೊಡೀತಿದ್ರು." ಗೌಡರು ಎಲೆ ಮಡಚಿ ಬಾಯಿಗಿಟ್ಟರು. "ನಿಮ್ಮ ಸಂಕಟ ನನಗ ತಿಳೀತೈತಿ. ಸಾವಕಾಶ ಬರೀರಿ. ಖಲಂದರ ಎಲ್ಲೂ ಓಡಿಹೋಗಂಗಿಲ್ಲ."

ಖಲಂದರ ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಬಾರು ಹೊಲಿಯುತ್ತಿದ್ದ. ಹಾನಗಲ್ಲಿನ ತನಕ ನಡೆಯಬೇಕಾದವನು; ತಲೆ ಎತ್ತದೆ ನಕ್ಕ.

ರಜಿಸ್ಟರಿನ ಮೇಲ್ಭಾಗದಲ್ಲಿ ಸರ್ಕಾರ ಒಪ್ಪಿಕೊಂಡ ಸಾವುಗಳು ಸಾಲಾಗಿ ಅಚ್ಚಾಗಿದ್ದವು. ಕಾಲರಾ, ದೇವಿ, ಪ್ಲೇಗು, ಜ್ವರ, ಆಮಶಂಕೆ, ದಮ್ಮು, ಪೆಟ್ಟು, ಇತರೆ. ಎಲ್ಲದರಲ್ಲಿಯೂ ಕಿರಿಕಿರಿ ಪೆಟ್ಟಿನದೇ. ಹಾವು ಕಡಿದು ಸತ್ತರೂ, ಬಾವಿಗೆ ಬಿದ್ದು ಸತ್ತರೂ, ಎತ್ತು ಹಾಯ್ದು ಸತ್ತರೂ ಪೆಟ್ಟು. ಪೆಟ್ಟು ಎಂದು ಬರೆದರೆ ಜೊತೆಗೆ ಪಂಚನಾಮೆ ಹೋಗಬೇಕು. ಎಲ್ಲಿ, ಯಾವಾಗ, ಹೇಗೆ, ಹತ್ತಿರ ಯಾರಿದ್ದರು, ಎಷ್ಟು ದೂರ ಇದ್ದರು. ಇದೇ ಕಾರಣಕ್ಕೆ ಊರಲ್ಲಿ ಯಾರೂ ಪೆಟ್ಟಿನಿಂದ ಸಾಯುತ್ತಿರಲಿಲ್ಲ. ಬಿದ್ದವರು ಹಾಸಿಗೆ ಹಿಡಿಯುತ್ತಿದ್ದರು, ತಿಂಗಳೋ ಮೂರು ತಿಂಗಳೋ ಮಲಗಿರುತ್ತಿದ್ದರು, ಕಡೆಗೆ ಒಂದು ಜ್ವರ ಬಂದು ಕರೆದೊಯ್ಯುತ್ತಿತ್ತು. ಅಷ್ಟರಲ್ಲಿ ಬಿದ್ದದ್ದು ಎಲ್ಲರಿಗೂ ಹಳೆಯ ಮಾತಾಗಿರುತ್ತಿತ್ತು. ಪ್ರಾಣೇಶ ಹಿಂದಿನ ಹಾಳೆಗಳನ್ನು ತಿರುವತೊಡಗಿದ. ಬರೆಯುವುದನ್ನು ಮುಂದೂಡುವುದಕ್ಕೆ ಎಂದೇ ತಿರುವಿದ. ಆದರೆ ಒಂದು ಹೆಸರಿನ ಮೇಲೆ ಕಣ್ಣು ನಿಂತಿತು. ವೀರವ್ವ, ವಯಸ್ಸು ಅರವತ್ತೈದು, ಜ್ವರ. ವೀರವ್ವ ಅಟ್ಟದ ಏಣಿಯಿಂದ ಜಾರಿದ್ದಳು. ಹೋಗಿ ನೋಡಿ ಬಂದಿದ್ದ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ಹೊರಳಿ, ಯಾರೋ ಬೇರೆಯವರ ಕಾಲನ್ನು ತಂದು ಜೋಡಿಸಿದಂತೆ ಕಂಡಿತ್ತು. ಎರಡು ತಿಂಗಳಿಗೆ ಅವನದೇ ಕೈ ಬರೆದಿತ್ತು: ಜ್ವರ. ನಾಲ್ಕು ಹಾಳೆ ಹಿಂದೆ ಉಳವಪ್ಪ, ಎಪ್ಪತ್ತು, ಇತರೆ, ಮುಪ್ಪು. ಉಳವಪ್ಪ ಕಣದಲ್ಲಿ ಚಕ್ಕಡಿಯಿಂದ ಇಳಿಯುವಾಗ ಬಿದ್ದವನು. ಬೀಳುವ ಹಿಂದಿನ ದಿನ ಭತ್ತದ ಚೀಲ ಹೊತ್ತಿದ್ದ, ಮುಪ್ಪು ಅವನಿಗೆ ಬಿದ್ದ ಮೇಲೆ ಬಂದದ್ದು. ಮರಿಯಮಬಿ, ದಮ್ಮು. ಮರಿಯಮಬಿ ಎಂದರೆ ಇಲ್ಲಿ ಚಪ್ಪಲಿ ಹೊಲಿಯುತ್ತಿರುವ ಖಲಂದರನ ತಾಯಿ; ಆಡಿನ ಹಗ್ಗಕ್ಕೆ ಕಾಲು ತೊಡರಿ ಅಂಗಳದಲ್ಲಿ ಬಿದ್ದು, ನಲವತ್ತು ದಿನಕ್ಕೆ ಎದೆ ಗೊರಗೊರ ಎಂದು ಹೋದವಳು. ಹತ್ತೊಂಬತ್ತು ವರ್ಷದಲ್ಲಿ ಹಾಗೆ ಏಳು ಜನ. ಏಳು ಜನರೂ ಬಿದ್ದು ವರ್ಷ ತುಂಬುವುದರೊಳಗೆ ಹೋದವರು. ಅವನ ಅಕ್ಷರ ದುಂಡಗೆ ಇತ್ತು, ಸಾಲು ನೇರವಾಗಿತ್ತು. ಹಾನಗಲ್ಲಿನ ಮಾಮಲೇದಾರರು ಒಮ್ಮೆ ಈ ಅಕ್ಷರವನ್ನು ಹತ್ತು ಜನರ ಎದುರು ಹೊಗಳಿದ್ದರು. ಆ ಚಂದದ ಅಕ್ಷರದ ಕೆಳಗೆ ಇವರೆಲ್ಲ ಬಿದ್ದಿದ್ದರು, ಬಿದ್ದದ್ದು ಎಲ್ಲಿಯೂ ಕಾಣುತ್ತಿರಲಿಲ್ಲ.

"ಮೊಳಕಾಲಿನ ಕೆಳಗ ಮುರದ್ರ ಅದು ನನ್ನ ಕೆಲಸ್ರಿ, ರಾಯರ," ಎಂದಿದ್ದ ತಿಳವಳ್ಳಿಯಿಂದ ಬಂದ ಎಲುಬು ಕಟ್ಟುವ ಗುದ್ಲೆಪ್ಪ. ಅದು ಅತ್ಯಾ ಬಿದ್ದ ಮರುದಿನ; ಅನಂತನ ಹಬ್ಬ, ಮನೆಯಲ್ಲಿ ಹಬ್ಬ ಇದ್ದೂ ಇಲ್ಲದಂತೆ ಇತ್ತು. ಗುದ್ಲೆಪ್ಪ ಉದ್ದಿನ ಹಿಟ್ಟು ಕಲಸಿ, ತತ್ತಿಯ ಬಿಳಿ ಬೇಕು ಎಂದಾಗ ಅತ್ಯಾ ನೋವಿನಲ್ಲಿಯೂ ಮುಖ ಹೊರಳಿಸಿದ್ದಳು. ತತ್ತಿ ಬಿಟ್ಟು ಸುಣ್ಣ ಬೆಲ್ಲದಲ್ಲಿ ಕಟ್ಟಿದ, ಬಿದಿರಿನ ದಬ್ಬೆ ಇಟ್ಟು ಬಿಗಿದ. ಹೊರಗೆ ಬಂದು ಕೈ ತೊಳೆಯುತ್ತ ಹೇಳಿದ: "ಇದು ಸಂದಿನಾಗ ಮುರದೇತಿ. ಈ ವಯಸ್ಸಿಗೆ ಕೂಡಂಗಿಲ್ಲ. ನಾ ಕಟ್ಟಿದ್ದು ನಿಮ್ಮ ಸಮಾಧಾನಕ್ಕ. ಒಂದ ಮಾತು ಕೇಳ್ರಿ. ಎಷ್ಟು ಒದರಿದ್ರೂ ದಿನಾ ನಾಕ ಸಲ ಎತ್ತಿ ಕುಂದರಸ್ರಿ, ಮಗ್ಗಲಾ ಬದಲಸ್ರಿ. ಮಲಗಿಸಿಬಿಟ್ರ ಎದಿಗೆ ಕಫ ಇಳೀತೈತಿ, ಬೆನ್ನಿಗೆ ಹುಣ್ಣು ಆಕ್ಕಾವು. ಎಲುಬು ಕೊಲ್ಲಂಗಿಲ್ರಿ, ಹಾಸಿಗಿ ಕೊಲ್ತೈತಿ." ಅಕ್ಕಿಆಲೂರಿನಿಂದ ಬಂದ ಡಾಕ್ಟರರೂ ಬೇರೆ ಶಬ್ದದಲ್ಲಿ ಅದನ್ನೇ ಹೇಳಿದರು, ಹುಬ್ಬಳ್ಳಿಗೆ ಒಯ್ಯಿರಿ ಎಂದೂ ಹೇಳಿದರು. ಅತ್ಯಾ ಡಾಕ್ಟರರು ಕೊಟ್ಟ ಗುಳಿಗೆಯನ್ನು ನುಂಗದೆ ದಿಂಬಿನ ಕೆಳಗೆ ಇಟ್ಟುಕೊಂಡು, "ಹುಬ್ಬಳ್ಳಿಗೆ ಹೋಗಿ ಯಾರ್ಯಾರ ಕೈಯಾಗ ಸಾಯ್ಲಿ?" ಎಂದಿದ್ದಳು.

ದಿನಾ ನಾಲ್ಕು ಸಲ. ಹೇಳುವುದು ಸುಲಭ. ಹಾಸಿಗೆ ಮೈಲಿಗೆ. ಹಾಸಿಗೆಯನ್ನು ಮುಟ್ಟಿದರೆ ಹೆಂಡತಿ ಯಮುನಾಬಾಯಿ ಮತ್ತೆ ತಣ್ಣೀರು ಸುರಿದುಕೊಂಡು ಒದ್ದೆ ಸೀರೆ ಉಟ್ಟೇ ಒಲೆಯ ಮುಂದೆ ಹೋಗಬೇಕು. ಮೊದಲ ವಾರ ಅವಳು ದಿನಕ್ಕೆ ಐದು ಸಲ ಸ್ನಾನ ಮಾಡಿದಳು, ಎರಡನೆಯ ವಾರ ಕೆಮ್ಮಿದಳು. ಕಡೆಗೆ ಅತ್ಯಾನೇ ವ್ಯವಸ್ಥೆ ಮಾಡಿದಳು. ಮಲಗಿದಲ್ಲಿಂದಲೇ ಮನೆ ನಡೆಸಿದವಳು. "ಯಮುನಾ, ನನ್ನ ಮುಟ್ಟೋ ಕೆಲಸ ಎಲ್ಲಾ ಒಮ್ಮೆಲೆ ಮಧ್ಯಾಹ್ನ ಊಟ ಆದ ಮ್ಯಾಲೆ ಮಾಡು. ಅಲ್ಲೀತನಕ ನಾ ತಡಕೋತೇನಿ." ಹಾಗೆಯೇ ಆಯಿತು. ಒರೆಸುವುದು, ಬದಲಿಸುವುದು, ಹೊರಳಿಸುವುದು, ಎಲ್ಲ ದಿನಕ್ಕೊಮ್ಮೆ. ಬೆಳಗಿನಿಂದ ಮಧ್ಯಾಹ್ನದ ಎರಡು ಗಂಟೆಯ ತನಕ ಅವಳು ಒಂದೇ ಮಗ್ಗುಲಲ್ಲಿ ಮಲಗಿ, ತೊಲೆ ಎಣಿಸುತ್ತ, ದೇವರ ನಾಮ ಹೇಳುತ್ತ ತಡೆದುಕೊಳ್ಳುತ್ತಿದ್ದಳು. ಪ್ರಾಣೇಶ ಚಾವಡಿಯಿಂದ ಬಂದು ಬಾಗಿಲಲ್ಲಿ ನಿಂತು "ಹ್ಯಾಂಗಿದ್ದೀ ಅತ್ಯಾ?" ಎಂದು ಕೇಳುತ್ತಿದ್ದ. "ಬೇಷಿದ್ದೇನೋ" ಎನ್ನುತ್ತಿದ್ದಳು. ಬಾಗಿಲಿನ ತನಕ ವಾಸನೆ ಬರುತ್ತಿತ್ತು. ತಾನು ಉಸಿರು ಹಿಡಿದು ಕೇಳುತ್ತಿದ್ದುದು ಅವಳಿಗೆ ಗೊತ್ತಾಗುತ್ತಿತ್ತೆಂದು ಅವನಿಗೆ ಈಗ ಖಾತ್ರಿಯಿದೆ. ಯಾಕೆಂದರೆ ಅವಳ ಉತ್ತರ ದಿನದಿಂದ ದಿನಕ್ಕೆ ಚಿಕ್ಕದಾಗುತ್ತ ಬಂತು, ಅವನಿಗೆ ಬೇಗ ಹೋಗಲಿಕ್ಕೆ ಆಗಲಿ ಎಂಬಂತೆ.

"ರಾಯರ, ಗೋಪಕ್ಕ ಹ್ವಾದ್ಲಂತಲ್ರಿ."

ಕೋಲಿನ ಸಪ್ಪಳ ಕೇಳಿ ತಲೆ ಎತ್ತಿದ. ಅನ್ನವ್ವ ಮೆಟ್ಟಿಲ ಹತ್ತಿರ ಬಂದು ನಿಂತಿದ್ದಳು. ಕುಬೇರಪ್ಪನ ತಾಯಿ, ಅತ್ಯಾನಿಗಿಂತ ಎರಡು ವರ್ಷ ದೊಡ್ಡವಳೇ ಇರಬೇಕು. ಹೋದ ವರ್ಷದ ಹಿಂದಿನ ವರ್ಷ ಕೊಟ್ಟಿಗೆಯಲ್ಲಿ ಬಿದ್ದು ಇದೇ ಸಂದು ಮುರಿದುಕೊಂಡವಳು. ಒಂದು ಕಾಲು ಗಿಡ್ಡ, ನಡೆದರೆ ಇಡೀ ಮೈ ಒಂದು ಕಡೆ ವಾಲಿ ಮತ್ತೆ ಏಳುತ್ತಿತ್ತು. ಆದರೂ ನಡೆಯುತ್ತಿದ್ದಳು. ರಜಿಸ್ಟರಿಗೆ ಬಾರದೆ ಉಳಿದ ಎಂಟನೆಯವಳು ಎಂದು ಪ್ರಾಣೇಶನಿಗೆ ಹೊಳೆಯಿತು.

"ಕುಂದರ ಅನ್ನವ್ವ," ಎಂದರು ಗೌಡರು. "ನಿನ್ನ ಸೊಸಿ ಹೊರಗ ಬಿಟ್ಲೇನು?"

"ಅಕಿ ಬಿಡೂದೇನು, ಅಟ್ಟಿಸ್ಕೊಂಡು ಬಂದು ಹೊರಗ ಹಾಕಿದ್ಲು. ಮನ್ಯಾಗ ಕುಂತ್ರ ಜಂಗ್ ಹತ್ತೈತಿ ನಿನಗ, ಹೋಗು ಅಂದ್ಲು." ಅನ್ನವ್ವ ಕಟ್ಟೆಯನ್ನು ಹಿಡಿದು ಒಂದೊಂದಾಗಿ ಅಂಗಗಳನ್ನು ಇಳಿಸಿ ಕೂತಳು. "ನಮ್ಮ ಸುಶೀಲವ್ವನಂಥ ಗಯ್ಯಾಳಿ ಹತ್ತೂರಾಗ ಇಲ್ರಿ ರಾಯರ. ಬಿದ್ದ ಎಂಟನೇ ದಿನಕ್ಕ ಬಗಲಾಗ ಕೈ ಹಾಕಿ ಎತ್ತಿ ಕುಂದ್ರಿಸಿದ್ಲು. ನಾ ಬೈತಿದ್ದೆ, ಅಕಿ ಬೈತಿದ್ಲು. ನಾ ಅಕಿ ತೌರಿನ ಏಳು ತಲಿ ಬೈದೆ, ಅಕಿ ನಮ್ಮ ಮನಿ ಹದಿನಾಕ ತಲಿ ಬೈದ್ಲು. ಬಯ್ಕೋತನ ಎತ್ತೂದು, ಬಯ್ಕೋತನ ತಿಕ್ಕೂದು. ಊರ ಮಂದಿ ಏನಂದ್ರು, ಸೊಸಿ ಅತ್ತೀನ್ನ ಕೊಲ್ಲಾಕತ್ತಾಳ ಅಂದ್ರು. ಹೌದಿಲ್ರಿ ಗೌಡ್ರ? ನೀವೂ ಅಂದಿದ್ರಿ."

"ಅಂದಿದ್ದೆ," ಎಂದರು ಗೌಡರು ನಕ್ಕು. "ನಿಮ್ಮ ಮನಿ ಮುಂದ ಹಾಯೂದನ್ನ ಬಿಟ್ಟಿದ್ದೆ. ಆ ಬೈಗಳ ಕೇಳಾಕ ಆಗ್ತಿದ್ದಿಲ್ಲ."

"ಅಕಿ ಬಿಟ್ಟಿದ್ರ ನಾ ಹೋಗ್ತಿದ್ದೆ." ಅನ್ನವ್ವ ನಗಲಿಲ್ಲ. ಸ್ವಲ್ಪ ಹೊತ್ತು ಕೋಲಿನ ತುದಿಯನ್ನು ನೋಡಿದಳು. "ಗೋಪಕ್ಕ ನನ್ನ ಮಾತಾಡಸಾಕ ಬಂದಿದ್ಲು ಆವಾಗ. ಅಂಗಳದಾಗ ದೂರ ನಿಂತು, ನಿನ್ನ ಸೊಸಿ ಪುಣ್ಯಾತಗಿತ್ತಿ ಅದಾಳ, ಬಿಡಬ್ಯಾಡ ಅಂದಿದ್ಲು. ಪಾಪ, ಬೀಳೂವಾಗ ಒಬ್ಬಾಕೆನ ಇದ್ಲಂತಲ್ರಿ. ಯಾರರ ಮಗ್ಗಲದಾಗ ಇದ್ದಿದ್ರ ಹಿಡೀತಿದ್ರು."

ಪ್ರಾಣೇಶ ರಜಿಸ್ಟರಿನ ಹಾಳೆಯನ್ನು ಅಂಗೈಯಿಂದ ಒತ್ತಿ ಸಪಾಟು ಮಾಡಿದ. ಬಿಸಿಲು ಮೊಣಕಾಲಿನಿಂದ ತೊಡೆಗೆ ಏರಿತ್ತು; ಅಲ್ಲಿ ಮಾತ್ರ ಮೈ ಬೆಚ್ಚಗಿತ್ತು. ಅವತ್ತೂ ಹೀಗೇ ಬಿಸಿಲು, ಮೂರು ದಿನ ಹಿಡಿದ ಮಳೆ ಬಿಟ್ಟು ಬಂದ ಬಿಸಿಲು. ಹಿತ್ತಲಲ್ಲಿ ಬಾವಿಯಿಂದ ಅಡಿಗೆಮನೆಯ ಬಾಗಿಲಿನ ತನಕ ಹಾಸಿದ ಬಂಡೆಗಳ ಮೇಲೆ ಪಾಚಿ ಹಸಿರು ಕಟ್ಟಿತ್ತು. ಅವನು ಬೆಳಿಗ್ಗೆ ಎದ್ದವನೇ ಯಾರದೋ ಹೊಲದ ಬದುವಿನ ಜಗಳಕ್ಕೆ ಹೋಗಿ, ಹತ್ತು ಜನರನ್ನು ಮುಟ್ಟಿ, ಕೋಟು ರುಮಾಲಿನಲ್ಲಿಯೇ ಹಿತ್ತಲಿನಿಂದ ಬಂದು ಕಾಲು ತೊಳೆಯುತ್ತಿದ್ದ. ಅತ್ಯಾ ಸ್ನಾನ ಮಾಡಿ, ನೀರಿಳಿಯುವ ಕೆಂಪು ಸೀರೆಯಲ್ಲಿ, ತುಂಬಿದ ತಾಮ್ರದ ಕೊಡ ಸೊಂಟದ ಮೇಲಿಟ್ಟುಕೊಂಡು ಬಂದಳು. "ಸರಿ, ಮಡಿ ನೀರು" ಎಂದಳು, ದಿನಾ ಹೇಳುವಂತೆ. ಅವನು ಸರಿದ, ದಿನಾ ಸರಿಯುವಂತೆ. ಅವಳು ದಾಟುವಾಗ ಅವಳ ಎಡಗಾಲಿನ ಹಿಮ್ಮಡಿ ಬಂಡೆಯ ಮೇಲೆ ಸ್ವಲ್ಪ ಮುಂದಕ್ಕೆ ಹೋದದ್ದು ಅವನಿಗೆ ಕಂಡಿತು. ಇದೇ ವಿಚಿತ್ರ: ಎಲ್ಲವೂ ಸಾವಕಾಶವಾಗಿ ಕಂಡಿತು. ಹಿಮ್ಮಡಿ ಜಾರಿತು, ಮೈ ತಿರುಗಿತು, ಅವಳ ಬಲಗೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಅವನ ಕೈ ಮುಂದೆ ಹೋಯಿತು. ಹೋದದ್ದು ಹೌದು. ಇಬ್ಬರ ಕೈಗಳ ನಡುವೆ ನಾಲ್ಕು ಬೆರಳಿನ ಜಾಗ ಉಳಿದಿದ್ದಾಗ ಅದು ಹಿಂದಕ್ಕೆ ಬಂತು. ಅವನು ವಿಚಾರ ಮಾಡಿ ತೆಗೆದುಕೊಂಡದ್ದಲ್ಲ. ನಲವತ್ತು ವರ್ಷ ಹಿಂದಕ್ಕೆ ಬರುವುದನ್ನೇ ಕಲಿತ ಕೈ, ಬೆಂಕಿಯಿಂದ ಬಂದಂತೆ ಬಂತು. ಕೊಡ ಬಿದ್ದ ದೊಡ್ಡ ಸಪ್ಪಳ. ಅದರ ಒಳಗೆ ಇನ್ನೊಂದು ಸಣ್ಣ ಸಪ್ಪಳ, ಹಸಿ ಕಬ್ಬು ಮುರಿದಂತೆ. ಕೊಡ ಉರುಳುತ್ತ ಅವನ ಕಾಲಿನ ಹತ್ತಿರ ಬಂತು. ಅವನು ಬಗ್ಗಿ ಅದನ್ನು ಹಿಡಿದ. ಕೊಡವನ್ನು ಹಿಡಿದಿದ್ದ. ತಾಮ್ರಕ್ಕೆ ಹುಣಸೆಹುಳಿ ಹಚ್ಚಿ ತಿಕ್ಕಿದರೆ ಮತ್ತೆ ಮಡಿಯಾಗುತ್ತದೆ. ಅದು ಆ ಹೊತ್ತಿನಲ್ಲಿಯೂ ಕೈಗೆ ಗೊತ್ತಿತ್ತು.

ಅವಳು ಒದರಲಿಲ್ಲ. ಬಂಡೆಯ ಮೇಲೆ ಮಲಗಿದವಳು ಹಲ್ಲು ಕಚ್ಚಿ, "ಯಮುನಾನ್ನ ಕರಿ. ಒದ್ದಿ ಉಟ್ಟುಕೊಂಡು ಬರ್ಲಿ," ಎಂದಳು. ಯಮುನಾಬಾಯಿ ಒದ್ದೆ ಉಟ್ಟು ಬರುವ ತನಕ ಅವಳು ಅಲ್ಲಿಯೇ ಮಲಗಿದ್ದಳು, ಅವನು ಕೊಡ ಹಿಡಿದುಕೊಂಡು ನಿಂತಿದ್ದ. ಯಮುನಾಬಾಯಿ "ಹ್ಯಾಂಗ ಬಿದ್ರಿ?" ಎಂದು ಕೇಳಿದಾಗ ಅತ್ಯಾ ಹೇಳಿದಳು: "ಒಬ್ಬಾಕೆನ ಇದ್ದೆ, ಜಾರಿದೆ. ಸಪ್ಪಳಕ್ಕ ಪಾಣ್ಯಾ ಓಡಿ ಬಂದ." ಏಕಾದಶಿಗೆ ಹನಿ ನೀರು ಕುಡಿಯದವಳು, ತುಳಸಿ ದಳ ಕೀಳುವಾಗ ಗಿಡಕ್ಕೆ ಹೇಳಿ ಕೀಳುವವಳು, ಬಿದ್ದ ಅರೆಗಳಿಗೆಯಲ್ಲಿ ಇಷ್ಟು ಸರಾಗವಾಗಿ ಸುಳ್ಳು ಹೇಳಿದಳು. ಗುದ್ಲೆಪ್ಪನಿಗೂ ಅದನ್ನೇ ಹೇಳಿದಳು, ಡಾಕ್ಟರರಿಗೂ ಅದನ್ನೇ, ನೋಡಲು ಬಂದ ಊರ ಹೆಂಗಸರಿಗೆಲ್ಲ ಅದನ್ನೇ. ಪ್ರತಿಸಲ ಅವನು ಅಲ್ಲಿಯೇ ನಿಂತು ಕೇಳಿಸಿಕೊಂಡ.

ಹಿಂದಕ್ಕೆ ಬರುವುದನ್ನು ಕಲಿಸಿದವಳೂ ಅವಳೇ. ಚಿಕ್ಕಂದಿನಲ್ಲಿ ಅವಳು ಮಡಿಯಲ್ಲಿದ್ದಾಗ ಓಡಿ ಹೋದರೆ ದೂರದಿಂದಲೇ ಅಂಗೈ ಎತ್ತಿ ನಿಲ್ಲಿಸುತ್ತಿದ್ದಳು. ಆದರೆ ಒಂದು ದಾರಿ ಇತ್ತು. "ಅರಿವಿ ಬಿಚ್ಚಿ ಬಾ" ಎನ್ನುತ್ತಿದ್ದಳು. ಬತ್ತಲೆ ಕೂಸಿಗೆ ಮೈಲಿಗೆ ಇಲ್ಲ. ಅವನು ಹೊಸ್ತಿಲಲ್ಲಿ ಅಂಗಿ ಚಡ್ಡಿ ಕಿತ್ತೆಸೆದು ಅಡಿಗೆಮನೆಯೊಳಗೆ ಓಡಿ, ಒದ್ದೆ ಕೆಂಪು ಸೀರೆಯ ತಣ್ಣನೆಯ ಮಡಿಲಿಗೆ ಬೀಳುತ್ತಿದ್ದ. ಎಂಟನೆಯ ವರ್ಷ ಮುಂಜಿಯಾಯಿತು. ಮುಂಜಿಯ ಮರುದಿನ ಅಭ್ಯಾಸಬಲದಿಂದ ಹೊಸ್ತಿಲಲ್ಲಿ ಅಂಗಿ ಕಳೆದು ನಿಂತವನನ್ನು ನೋಡಿ ಅತ್ಯಾ ನಕ್ಕು, ಆಮೇಲೆ ಅತ್ತ ತಿರುಗಿ, "ಇನ್ನ ಬರೂ ಹಂಗಿಲ್ಲೋ ಪಾಣ್ಯಾ," ಎಂದಿದ್ದಳು. ಇವತ್ತು ಚಾವಡಿಯ ಕಟ್ಟೆಯ ಮೇಲೆ ಕೂತು, ಕೋಟಿನ ಗುಂಡಿಯನ್ನು ತಿರುವುತ್ತ, ಬಂಡೆಯ ಮೇಲೆ ಅವಳು ಬಿದ್ದಿದ್ದಾಗ ಕೋಟು ಧೋತ್ರ ಎಲ್ಲ ಕಿತ್ತೆಸೆದು ಹೋಗಿ ಎತ್ತಬಹುದಾಗಿತ್ತಲ್ಲ ಎಂದು ಅವನಿಗೆ ಅನಿಸಿತು. ನಲವತ್ತೈದು ವರ್ಷದ ಕುಲಕರ್ಣಿ. ನಗು ಬರಬೇಕಾಗಿತ್ತು, ಬರಲಿಲ್ಲ.

ಅವಳು ಆ ಸುಳ್ಳನ್ನು ಒಮ್ಮೆ ಮಾತ್ರ ಅವನ ಎದುರಿಗೆ ಬಿಚ್ಚಿದ್ದಳು. ದೀಪಾವಳಿ ಕಳೆದಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಅವನು ಬಾಗಿಲಲ್ಲಿ ನಿಂತಿದ್ದ. "ಪಾಣ್ಯಾ," ಎಂದಳು ತೊಲೆ ನೋಡುತ್ತ, "ಅವತ್ತ ನೀ ಕೈ ಹಿಂದಕ್ಕ ತಗೊಂಡಿಯಲ್ಲ, ಛಲೋ ಮಾಡಿದಿ. ಹಿಡದಿದ್ರ ಮತ್ತೊಂದು ಕೊಡ ನೀರು ಸೇದಬೇಕಾಗ್ತಿತ್ತು." ಅವಳ ತುಟಿಯ ತುದಿ ಕುಣಿದಂತೆ ಕಂಡಿತು. ಅದು ಚೇಷ್ಟೆಯೋ, ನಿಜವಾದ ಮೆಚ್ಚಿಗೆಯೋ, ಅಥವಾ ಅವಳು ಆ ಹುಣ್ಣಿನ ಹಾಸಿಗೆಯಲ್ಲಿ ಎರಡು ತಿಂಗಳು ಮಸೆದು ಮಸೆದು ತೆಗೆದ ಚೂಪಾದ ವಸ್ತುವೋ, ಅವನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. "ಏನ್ ಮಾತಾಡ್ತೀ ಅತ್ಯಾ," ಎಂದು ಹೇಳಿ, ಚಾವಡಿಯಲ್ಲಿ ಕೆಲಸವಿದೆ ಎಂದು ಹೊರಬಿದ್ದ. ಕೆಲಸವಿರಲಿಲ್ಲ. ಈ ಕಟ್ಟೆಯ ಮೇಲೆಯೇ ಬಂದು ಕೂತಿದ್ದ.

ಡಿಸೆಂಬರದಲ್ಲಿ ಜ್ವರ ಬಂತು. ಮೊದಲು ಕೆಮ್ಮು, ಆಮೇಲೆ ಎದೆಯಲ್ಲಿ ಮರಿಯಮಬಿಯ ಎದೆಯ ಸಪ್ಪಳ. ಹನ್ನೊಂದನೆಯ ದಿನ ಬೆಳಿಗ್ಗೆ ಪ್ರಾಣೇಶ ಸ್ನಾನ ಮಾಡಿ, ಮಡಿಯುಟ್ಟು, ದೇವರಿಗೆ ಅಗ್ರೋದಕದ ತಂಬಿಗೆ ಹಿಡಿದುಕೊಂಡು ನಡುಮನೆ ದಾಟುತ್ತಿದ್ದ. ಈಗ ಮಡಿ ಅವನದು, ಮೈಲಿಗೆ ಅವಳದು. ಅವಳು ಕಣ್ಣು ತೆರೆದಿದ್ದಳು. ಬಲಗೈ ಹಾಸಿಗೆಯಿಂದ ಎದ್ದು ಗಾಳಿಯಲ್ಲಿ ಏನನ್ನೋ ಹುಡುಕಿತು, ಬಾವಿಯ ಹತ್ತಿರ ಹುಡುಕಿದಂತೆಯೇ. ಅವನು ತಂಬಿಗೆಯನ್ನು ನೆಲಕ್ಕಿಟ್ಟು ಹೋಗಿ ಆ ಕೈಯನ್ನು ಹಿಡಿದ. ಎರಡೂ ಕೈಯಿಂದ ಹಿಡಿದ. ಅದು ಬಿಸಿಯಾಗಿತ್ತು, ಹಗುರಾಗಿತ್ತು, ಒಣಗಿದ ವೀಳ್ಯದೆಲೆಯಂತೆ ಅವನ ಅಂಗೈಯಲ್ಲಿ ಸರಿಯಿತು. ಮುಂಜಿಯಾದ ಮೇಲೆ ಆ ಕೈಯನ್ನು ಹೀಗೆ ಹಿಡಿದದ್ದು ನೆನಪಿರಲಿಲ್ಲ. ಅವಳು ಅವನ ಮುಖ ನೋಡಿದಳು, ಆಮೇಲೆ ಅವನ ಮಡಿಯನ್ನು ನೋಡಿದಳು. ನೋಡಿದ ಕೂಡಲೇ ಪೂರ್ತಿ ಎಚ್ಚರವಾದಳು.

"ಎಲ್ಲಾ ಕೆಡಿಸಿಕೊಂಡ್ಯಲ್ಲೋ. ಹೋಗು, ಮತ್ತ ಸ್ನಾನ ಮಾಡು. ದೇವರು ಹಸದು ಕೂತಾನ."

"ಇರ್ಲಿ ಅತ್ಯಾ."

"ಇರ್ಲಿ ಅಲ್ಲ. ಹೋಗು ಅಂದೆ."

ಅವನು ಹೋದ. ಇದನ್ನೂ ಯಾವ ಕಾಲಮ್ಮಿನಲ್ಲಿ ಹಾಕಬೇಕೋ ತಿಳಿಯದು. ಹೋಗು ಎಂದಳು, ಹೋದ. ಐದು ವರ್ಷದವನು ಹೋದಂತೆ ಹೋದ. ಬಾವಿಯಲ್ಲಿ ಹಗ್ಗ ಇಳಿಬಿಟ್ಟು ಎರಡು ಕೊಡ ಸೇದಿ ತಲೆಯ ಮೇಲೆ ಸುರಿದುಕೊಂಡ. ಎರಡನೆಯ ಕೊಡ ಸುರಿಯುವಾಗ ಆ ಬಂಡೆಯ ಮೇಲೆಯೇ ನಿಂತಿದ್ದೇನೆಂದು ಕಂಡಿತು. ಪಾಚಿ ಒಣಗಿ ಕರ್ರಗಾಗಿತ್ತು. ಒಳಗೆ ಬರುವಾಗ ಯಮುನಾಬಾಯಿ ಸೆರಗಿನ ತುದಿಯನ್ನು ಬಾಯಲ್ಲಿ ಹಿಡಿದು ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ತಂಬಿಗೆ ಅವನು ಇಟ್ಟಲ್ಲಿಯೇ ಇತ್ತು.

"ಯಾರರ ಇದ್ದಿದ್ರ ಹಿಡೀತಿದ್ರು," ಎಂದು ಅನ್ನವ್ವ ಇನ್ನೊಮ್ಮೆ ಹೇಳಿದಳು, ತನ್ನಷ್ಟಕ್ಕೆ. ಆಮೇಲೆ ಕೋಲು ಊರಿ, ಮೈಯನ್ನು ಒಂದು ಕಡೆಗೆ ವಾಲಿಸಿ, ಎದ್ದಳು. ಖಲಂದರ ಕುಳಿತಲ್ಲಿಂದಲೇ ಒಂದು ಕೈ ಚಾಚಿ ಅವಳ ಮೊಣಕೈಗೆ ಆಸರೆ ಕೊಟ್ಟ, ಮತ್ತೆ ಚಪ್ಪಲಿಗೆ ತಿರುಗಿದ. ಅವನು ಅದನ್ನು ಲಕ್ಷ್ಯವಿಟ್ಟು ಮಾಡಿದಂತೆಯೂ ಕಾಣಲಿಲ್ಲ. ಅವಳು ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ.

ಪ್ರಾಣೇಶ ಟಾಕನ್ನು ಮಸಿಯಲ್ಲಿ ಅದ್ದಿದ. ಅತ್ಯಾ ಹೇ​ಳಿದ ಸುಳ್ಳು ಅವಳು ಬಿಟ್ಟುಹೋದ ಒಂದೇ ಆಸ್ತಿ, ಅದನ್ನು ಅವನ ಹೆಸರಿಗೆ ಬರೆದುಕೊಟ್ಟು ಹೋಗಿದ್ದಳು. ಜ್ವರ ಎಂದು ಬರೆದರೆ ಅದು ಉಳಿಯುತ್ತಿತ್ತು. ಅವಳು ಸತ್ಯವಂತೆಯಾಗಿ ಉಳಿಯುತ್ತಿದ್ದಳು, ಅವನು ಸಪ್ಪಳ ಕೇಳಿ ಓಡಿಬಂದ ಮಗನಾಗಿ ಉಳಿಯುತ್ತಿದ್ದ, ಊರು ಇದ್ದಂತೆ ಇರುತ್ತಿತ್ತು. ವೀರವ್ವ, ಉಳವಪ್ಪ, ಮರಿಯಮಬಿಯ ಸಾಲಿನಲ್ಲಿ ಗೋಪಿಕಾಬಾಯಿ ಎಂಟನೆಯವಳಾಗಿ ದುಂಡಗೆ ಕೂರುತ್ತಿದ್ದಳು. ಟಾಕು ಅಭ್ಯಾಸದಂತೆ ಬಾಗಿತು. ಅವನು ಅದನ್ನು ಎತ್ತಿ, ಮತ್ತೆ ಇಳಿಸಿ, ಪೆಟ್ಟು ಎಂದು ಬರೆದ. ಶೇರಾ, ಅಂದರೆ ಟಿಪ್ಪಣಿ, ಬರೆಯುವ ಜಾಗದಲ್ಲಿ ಬರೆದ: ಬಾವಿಯ ಹತ್ತಿರ ಜಾರಿ ಬಿದ್ದು ತೊಡೆಯ ಸಂದು ಮುರಿದು, ನೂರಾ ಹತ್ತು ದಿನ ಹಾಸಿಗೆ ಹಿಡಿದು, ಕಫ ಜ್ವರ ಬಂದು ಮರಣ. ಇಷ್ಟು ಉದ್ದದ ಶೇರಾವನ್ನು ಅವನು ಎಂದೂ ಬರೆದಿರಲಿಲ್ಲ. ಸಾಲು ನೇರವಾಗಿ ಬರಲಿಲ್ಲ.

"ಸಹಿ ಮಾಡ್ಲಿ?" ಎಂದು ಗೌಡರು ಕೈ ಚಾಚಿದರು. ಪ್ರಾಣೇಶ ಓದಿ ಹೇಳಿದ. ಗೌಡರ ಬಾಯಿಯಲ್ಲಿ ಎಲೆ ನಿಂತಿತು.

"ಪೆಟ್ಟು ಅಂತ ಯಾಕ ಬರದ್ರಿ? ಈಗ ಪಂಚನಾಮೆ ಜೋಡಿಸಬೇಕಲ್ರಿ."

"ಜೋಡಿಸೋಣ."

"ರಾಯರ," ಗೌಡರು ದನಿ ಇಳಿಸಿದರು. "ನೂರಾ ಹತ್ತು ದಿನದ ಹಿಂದಿನ ಮಾತು. ಯಾರು ಕೇಳ್ಯಾರ? ಇಷ್ಟು ಮಂದಿಗೆ ಜ್ವರ ಅಂತ ಬರದವರು ನೀವ."

"ಅವರಿಗೂ ತಪ್ಪ ಬರದೇನಿ."

ಮೆಟ್ಟಿಲ ಮೇಲೆ ದಬ್ಬಣ ನಿಂತಿತು. ಖಲಂದರ ತಲೆ ಎತ್ತಲಿಲ್ಲ, ಆದರೆ ಕೇಳಿಸಿಕೊಳ್ಳುತ್ತಿದ್ದ. ಗೌಡರು ಅವನನ್ನು ನೋಡಿದರು, ಪ್ರಾಣೇಶನನ್ನು ನೋಡಿದರು, ಕಟ್ಟೆಯಿಂದ ಬಗ್ಗಿ ಉಗುಳಿ ಬಂದು ನೆಟ್ಟಗೆ ಕೂತರು. ಅವರಿಗೆ ಸಿಟ್ಟು ಬಂದಿರಲಿಲ್ಲ. ದುಃಖದಲ್ಲಿರುವ ಮನುಷ್ಯನ ಹಟವನ್ನು ನಡೆಸಿಕೊಟ್ಟು ಬೇಗ ಮುಗಿಸಿಬಿಡಬೇಕು ಎನ್ನುವ ಸಜ್ಜನಿಕೆ ಅವರ ಮುಖದ ಮೇಲಿತ್ತು.

"ಆತು. ಕಾಗದ ತಗೋರಿ. ನಾ ಕೇಳ್ತೇನಿ, ನೀವ ಬರೀರಿ. ಜಾಗಾ?"

"ನನ್ನ ಮನಿ ಹಿತ್ತಲ. ಬಾವಿ ಮತ್ತ ಅಡಿಗಿಮನಿ ನಡುವ."

"ಹೊತ್ತು?"

"ಮುಂಜಾನೆ. ಎಂಟರ ಸುಮಾರು."

"ಹತ್ರ ಯಾರೂ ಇದ್ದಿಲ್ಲ. ಹಂಗ ಬರದುಬಿಡ್ರಿ, ಅಕಿನ ಎಲ್ಲಾರ ಮುಂದ ಹೇಳ್ಯಾಳ."

ಪ್ರಾಣೇಶ ಬರೆಯಲಿಲ್ಲ. ಬೀದಿಯಲ್ಲಿ ಅನ್ನವ್ವನ ಕೋಲು ಇನ್ನೂ ಕೇಳುತ್ತಿತ್ತು. ಒಂದು ಸಪ್ಪಳ, ನಡುವೆ ತುಸು ಹೊತ್ತು, ಮತ್ತೊಂದು ಸಪ್ಪಳ.

"ಇದ್ರು," ಎಂದ.

"ಯಾರು?"

"ನಾನು."

 ಮುಂದಿನ ಪ್ರಶ್ನೆ ಗೌಡರಿಗೆ ಗೊತ್ತಿತ್ತು, ಪ್ರಾಣೇಶನಿಗೂ ಗೊತ್ತಿತ್ತು. ಕಳವು ಹೊಡೆದಾಟದ ಎಷ್ಟೋ ಪಂಚನಾಮೆಗಳಲ್ಲಿ ಅವರು ಕೇಳಿದ್ದರು, ಇವನು ಬರೆದಿದ್ದ. ಕೇಳದೆ ಬಿಟ್ಟರೂ ನಡೆಯುತ್ತದೆ ಎಂಬಂತೆ ಅವರು ಕಾದರು. ಪ್ರಾಣೇಶ ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಎಷ್ಟು ದೂರ?" ಎಂದು ಕಡೆಗೆ ಕೇಳಿದರು, ಬಹಳ ಮೆಲ್ಲಗೆ.

ಮೊಳ, ಗೇಣು, ಮಾರು, ಅವನಿಗೆ ಎಲ್ಲ ಅಳತೆಯೂ ಬರುತ್ತಿತ್ತು. ಹೊಲದ ಬದುಗಳನ್ನು ಅಳೆದವನು. ಯಾವುದೂ ಬಾಯಿಗೆ ಬರಲಿಲ್ಲ. ಬಲಗೈಯನ್ನು ಎತ್ತಿ, ತೋಳು ನೆಟ್ಟಗಾಗುವ ತನಕ, ಬೆರಳುಗಳು ಬಿಚ್ಚುವ ತನಕ ಮುಂದಕ್ಕೆ ಚಾಚಿದ. ಬಿಚ್ಚಿದ ಬೆರಳುಗಳಿಂದ ಟಾಕು ಜಾರಿ ಕಾಗದದ ಮೇಲೆ ಬಿತ್ತು.

"ಇಷ್ಟು," ಎಂದ.

ಗೌಡರು ಆ ಕೈಯನ್ನು ನೋಡಿದರು. "ಕೈಲೆ ತೋರ್ಸಿದ್ರ ಕಚೇರ್ಯಾಗ ನಡ್ಯಂಗಿಲ್ರಿ," ಎಂದರು. "ಬರೀಬೇಕು."

ಬರೆಯಬೇಕಾದರೆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿತ್ತು. ಪ್ರಾಣೇಶ ಇನ್ನೂ ಸ್ವಲ್ಪ ಹೊತ್ತು ಅದನ್ನು ಹಾಗೆಯೇ ಚಾಚಿ ಹಿಡಿದಿದ್ದ.